ಹಳ್ಳಿಗೆ ಬ್ರಾಡ್‌ಬ್ಯಾಂಡ್: ಸಬ್ಸಿಡಿ ದುಡ್ಡು ಮನೆ ಬಾಗಿಲಿಗೆ ಮುಟ್ಟುವಂತೆ ನೋಡಿಕೊಳ್ಳುವುದು ಹೇಗೆ?

ಮನೆಗಳು ದೂರ ದೂರ ಇರುವ ಕಡೆ ಕೇಬಲ್ ಎಳೆಯಲು ಖರ್ಚು ಜಾಸ್ತಿ, ಗಿರಾಕಿಗಳು ಕಡಿಮೆ. ಕಂಪನಿಗಳು ತಾವಾಗಿ ಅತ್ತ ತಲೆ ಹಾಕುವುದಿಲ್ಲ. ಆ ಕೊರತೆ ತುಂಬಲು ಸರ್ಕಾರ ಸಬ್ಸಿಡಿ ಕೊಡುತ್ತದೆ. ಹಲವು ದೇಶಗಳಲ್ಲಿ ಇದಕ್ಕೆ ಟೆಲಿಕಾಂ ಕಂಪನಿಗಳ ಆದಾಯದಲ್ಲಿ ಪಾಲು ಹಿಡಿಯುತ್ತಾರೆ. ಕೊನೆಗೆ ಅದು ನಮ್ಮ ಬಿಲ್ಲಿನಿಂದಲೇ ಹೋಗುವ ದುಡ್ಡು, ಅಲ್ವಾ? ಲೆಕ್ಕ ಕೇಳಲು ಸಂಕೋಚ ಬೇಡ.

ಮೊದಲು ಎಲ್ಲಿ ಇಂಟರ್ನೆಟ್ ಇದೆ, ಎಲ್ಲಿ ಇಲ್ಲ ಎಂದು ತೋರಿಸುವ ನಕ್ಷೆ ನೋಡಿ. ಅರ್ಧ ಅನ್ಯಾಯ ಆಗುವುದು ಇಲ್ಲೇ. ಅಮೆರಿಕದಲ್ಲಿ ಬಹಳ ಕಾಲ ಒಂದು ವಿಚಿತ್ರ ಲೆಕ್ಕವಿತ್ತು. ಜನಗಣತಿಯ ಒಂದು ಬ್ಲಾಕಿನಲ್ಲಿ (ಎಣಿಕೆಗಾಗಿ ಗುರುತಿಸಿದ ಸಣ್ಣ ಪ್ರದೇಶ) ಒಂದೇ ಮನೆಗೆ ಸಂಪರ್ಕ ಸಿಗುವಂತಿದ್ದರೂ ಇಡೀ ಬ್ಲಾಕಿಗೆ ಇಂಟರ್ನೆಟ್ ಇದೆ ಎಂದು ಬರೆಯುತ್ತಿದ್ದರು. ರಸ್ತೆ ಬದಿಯ ಒಂದು ಮನೆಯಿಂದಾಗಿ ಒಳಗಿನ ಮನೆಗಳೆಲ್ಲ ಸಬ್ಸಿಡಿಯಿಂದ ಹೊರಗೆ. 2022ರ ನವೆಂಬರ್‌ನಲ್ಲಿ ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಒಂದೊಂದು ಮನೆಯನ್ನೂ ತೋರಿಸುವ ನಕ್ಷೆ ತಂದಿತು. ತಪ್ಪಿದ್ದರೆ ಜನರೇ ಆಕ್ಷೇಪ ಸಲ್ಲಿಸಬಹುದು.

ಆಕ್ಷೇಪಕ್ಕೆ ಸುಮ್ನೆ ದೂರಿದರೆ ಸಾಲದು, ದಾಖಲೆ ಬೇಕು. ‘ನಿಮ್ಮ ವಿಳಾಸಕ್ಕೆ ಸಂಪರ್ಕ ಕೊಡಲಾಗದು’ ಎಂದು ಕಂಪನಿ ಕಳಿಸಿದ ಮೆಸೇಜನ್ನು ತಾರೀಖಿನ ಸಮೇತ ತೆಗೆದಿಡಿ. ವೇಗ ಕಡಿಮೆ ಎನ್ನುವುದಾದರೆ ವೈಫೈ ಬಿಟ್ಟು, ಲ್ಯಾಪ್‌ಟಾಪನ್ನು ನೇರ ಕೇಬಲ್‌ಗೆ ಜೋಡಿಸಿ ಪರೀಕ್ಷಿಸಿ. ಬೆಳಿಗ್ಗೆ ಒಮ್ಮೆ, ಎಲ್ಲರೂ ಬಳಸುವ ರಾತ್ರಿ ಹೊತ್ತು ಇನ್ನೊಮ್ಮೆ. ಇಲ್ಲದಿದ್ದರೆ ‘ತಪ್ಪು ನಿಮ್ಮ ವೈಫೈಯದು’ ಎಂದು ಕೈ ತೊಳೆದುಕೊಳ್ಳುತ್ತಾರೆ.

ಆಮೇಲೆ ದುಡ್ಡು ಯಾರಿಗೆ ಹೋಗುತ್ತದೆ ನೋಡಿ. ಸಾಮಾನ್ಯವಾಗಿ ಇದು ತಿರುಗು ಹರಾಜು: ಕಡಿಮೆ ಸಬ್ಸಿಡಿ ಕೇಳಿದವರಿಗೆ ಕೆಲಸ. 1990ರ ದಶಕದಲ್ಲಿ ಚಿಲಿ ದೇಶ ಹಳ್ಳಿಗಳಿಗೆ ಸಾರ್ವಜನಿಕ ಫೋನ್ ತಂದದ್ದು ಹೀಗೆಯೇ. ಕೆಲವು ಕಡೆ ಸಬ್ಸಿಡಿಯೇ ಬೇಡ ಎಂದು ಬಂದವರೂ ಇದ್ದರು. ಆದರೆ ಅಗ್ಗದ ಬಿಡ್ ಎಂದ ಮಾತ್ರಕ್ಕೆ ನಂಬಬಾರದು. 2020ರ ಅಮೆರಿಕದ ಹರಾಜಿನಲ್ಲಿ ಸುಮಾರು 920 ಕೋಟಿ ಡಾಲರ್‌ನ ಬಿಡ್‌ಗಳು ಗೆದ್ದವು. ಗೆದ್ದವರಲ್ಲಿ ಹಲವರು ಹಿಂದೆ ಸರಿದರು, ಕೆಲವರ ಅರ್ಜಿ ತಿರಸ್ಕಾರವಾಯಿತು. ಕಾದು ಕುಳಿತ ಊರುಗಳಿಗೆ ವರ್ಷಗಳೇ ಹೋದವು. ಬಿಡ್ ಹಾಕುವ ಮೊದಲೇ ಕಂಪನಿಯ ಅನುಭವ ಮತ್ತು ಬ್ಯಾಂಕ್ ಗ್ಯಾರಂಟಿ ಪರಿಶೀಲಿಸಬೇಕು ಎಂದು ಒತ್ತಾಯಿಸಿ.

ಸಬ್ಸಿಡಿಯ ಕಂತುಗಳನ್ನು ಎಷ್ಟು ಕಿಲೋಮೀಟರ್ ಕೇಬಲ್ ಹೂತರು ಎಂಬುದರ ಮೇಲೆ ಕೊಡಬಾರದು. ಎಷ್ಟು ಮನೆಗಳಲ್ಲಿ ಸಂಪರ್ಕ ನಡೆಯುತ್ತಿದೆ ಎಂಬುದೇ ಅಳತೆಯಾಗಬೇಕು.

ಕೊನೆಯದು ತಿಂಗಳ ಬಿಲ್. ಬಡ ಕುಟುಂಬಗಳಿಗೆ ತಿಂಗಳಿಗೆ 30 ಡಾಲರ್‌ವರೆಗೆ ರಿಯಾಯಿತಿ ಕೊಡುತ್ತಿದ್ದ ಅಮೆರಿಕದ ಯೋಜನೆ ಹಣ ಮುಗಿದು 2024ರಲ್ಲಿ ನಿಂತಿತು. 2.3 ಕೋಟಿಗೂ ಹೆಚ್ಚು ಕುಟುಂಬಗಳು ಅದರಲ್ಲಿದ್ದವು. ಆದ್ದರಿಂದ ಬಿಲ್ ಎಷ್ಟು, ಆ ದರ ಎಷ್ಟು ವರ್ಷ, ಕೇಬಲ್ ತುಂಡಾದರೆ ಎಷ್ಟು ಗಂಟೆಯೊಳಗೆ ರಿಪೇರಿ ಎಂಬುದನ್ನು ಒಪ್ಪಂದದಲ್ಲೇ ಬರೆಸಿ.