ಕೊನೆಯ ರೈಲಿಗಿಂತ ಒಂದು ಮುಂಚೆ

ಗುಂಪಿನ ಸೈಕಲ್ ರೈಡ್‌ಗೆ ತಯಾರಿ ಅಂದರೆ ನಾನು ಮೊದಲು ತೆಗೆಯುವುದು ದಾರಿಯ ಮ್ಯಾಪನ್ನಲ್ಲ, ವಾಪಸ್ ಬರುವ ರೈಲಿನ ಟೈಮ್ ಟೇಬಲ್ಲನ್ನು. ಒಂದು ಸಲ ಪೆಟ್ಟು ತಿಂದ ಮೇಲೆ ಬಂದ ಬುದ್ಧಿ ಇದು.

ಆ ದಿನ ಹನ್ನೆರಡು ಜನ, 80 ಕಿಲೋಮೀಟರ್ ದಾರಿ. ಗಂಟೆಗೆ 20ರಂತೆ ನಾಲ್ಕು ಗಂಟೆ, ಇರಲಿ ಅಂತ ಇನ್ನೊಂದು ಗಂಟೆ ಸೇರಿಸಿದ್ದೆ. ಒಬ್ಬನೇ ಹೋಗಿದ್ದರೆ ಸಾಕಾಗುತ್ತಿತ್ತು. ಆದರೆ ಗುಂಪಿನಲ್ಲಿ ಒಬ್ಬರು ನೀರು ತುಂಬಿಸಲು ನಿಂತರೆ ಹನ್ನೆರಡೂ ಜನ ನಿಲ್ಲುತ್ತಾರೆ. ಐದು ನಿಮಿಷ ಅಂದದ್ದು ಇಪ್ಪತ್ತಾಗುತ್ತದೆ. ಎರಡು ಪಂಕ್ಚರ್, ಎದುರು ಗಾಳಿ, ಒಂದು ತಪ್ಪು ತಿರುವು ಬೇರೆ. ಸ್ಟೇಷನ್ ಮುಟ್ಟಿದಾಗ ಕೊನೆಯ ರೈಲು ಹೊರಡಲು ಮೂರು ನಿಮಿಷ ಇತ್ತು. ಅದರಲ್ಲಿ ಸೈಕಲ್‌ಗಳಿಗೆ ಇದ್ದದ್ದು ನಾಲ್ಕೇ ಜಾಗ. ನಾನೂ ಸೇರಿ ಎಂಟು ಜನ ಪ್ಲಾಟ್‌ಫಾರ್ಮಿನಲ್ಲೇ ಉಳಿದೆವು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಈಗ ಲೆಕ್ಕವನ್ನು ರೈಲಿನಿಂದ ಶುರು ಮಾಡಿ ಹಿಂದಕ್ಕೆ ಬರುತ್ತೇನೆ. ನಾವು ಹಿಡಿಯಬೇಕಾದದ್ದು ಕೊನೆಯದಲ್ಲ, ಅದಕ್ಕಿಂತ ಒಂದು ಮುಂಚಿನದು. ಅದು ಹೊರಡುವ ಒಂದು ಗಂಟೆ ಮೊದಲು ಸ್ಟೇಷನ್ನಿನಲ್ಲಿರಬೇಕು. ನಿಲ್ಲುವುದು, ಹರಟುವುದು ಎಲ್ಲ ಸೇರಿ ಗಂಟೆಗೆ 14 ಕಿಲೋಮೀಟರ್ ಅಂತಲೇ ಹಿಡಿಯುತ್ತೇನೆ. 80ಕ್ಕೆ ಹತ್ತಿರ ಹತ್ತಿರ ಐದೂ ಮುಕ್ಕಾಲು ಗಂಟೆ. ಸಂಜೆ 6ರ ರೈಲಾದರೆ ಬೆಳಿಗ್ಗೆ 11ಕ್ಕೆಲ್ಲ ಹೊರಟಿರಬೇಕು. ಕೊನೆಯ ಹತ್ತು ಕಿಲೋಮೀಟರಿನಲ್ಲಿ ಏರು ಇದ್ದರೆ ದಾರಿಯನ್ನೇ ಬದಲಿಸುತ್ತೇನೆ. ಬೆಳಿಗ್ಗೆ ನಗುತ್ತಾ ಹತ್ತುವ ದಿಬ್ಬವೇ ಸಂಜೆ ಗುಂಪನ್ನು ಚೂರು ಮಾಡುತ್ತದೆ.

ಮೂರನೇ ಎರಡು ಭಾಗ ದಾರಿ ಮುಗಿಯುವ ಕಡೆ ಇನ್ನೊಂದು ಸ್ಟೇಷನ್ ಇದೆಯಾ ಅಂತಲೂ ನೋಡಿಟ್ಟುಕೊಳ್ಳುತ್ತೇನೆ. ಇಷ್ಟು ಹೊತ್ತಿಗೆ ಅಲ್ಲಿಗೆ ಬರದಿದ್ದರೆ ರೈಡ್ ಅಲ್ಲೇ ಮುಗಿಯಿತು. ಇದನ್ನು ಹೊರಡುವ ಮುಂಚೆಯೇ ಎಲ್ಲರಿಗೂ ಹೇಳಿಬಿಡಬೇಕು. ಸುಸ್ತಾದ ಮೇಲೆ ಚರ್ಚೆ ಶುರುವಾದರೆ ಮುಗಿಯುವುದಿಲ್ಲ.

ಸೈಕಲ್ ನಿಯಮ ಒಂದೊಂದು ರೈಲಿಗೂ ಬೇರೆ. ಕೆಲವಕ್ಕೆ ಮುಂಚೆಯೇ ಬುಕ್ ಮಾಡಬೇಕು, ಕೆಲವು ಜನಜಂಗುಳಿಯ ಹೊತ್ತಿನಲ್ಲಿ ಹತ್ತಿಸುವುದೇ ಇಲ್ಲ. ಹಾಗಾಗಿ ಕೇಳಿಯೇ ಖಚಿತ ಮಾಡಿಕೊಳ್ಳುತ್ತೇನೆ. ಜಾಗ ಕಡಿಮೆ ಅಂತ ಗೊತ್ತಾದರೆ ಗುಂಪನ್ನು ನಾಲ್ಕು ನಾಲ್ಕಾಗಿ ಒಡೆದು ಬೇರೆ ಬೇರೆ ರೈಲಿಗೆ ಹಂಚುತ್ತೇನೆ. ಯಾರು ಯಾವುದಕ್ಕೆ ಅನ್ನುವುದೂ ಮೊದಲೇ ತೀರ್ಮಾನ.

ಸೈಕಲ್ಲನ್ನು ಚೀಲಕ್ಕೆ ಹಾಕಿಯೇ ಒಯ್ಯಬೇಕಾದ ರೈಲಾದರೆ ಬಿಚ್ಚಲೂ ಹೊತ್ತು ಬೇಕು. ಎಡ ಪೆಡಲ್ಲಿನ ತಿರುಪು ಉಲ್ಟಾ, ಪ್ರದಕ್ಷಿಣೆಯಾಗಿ ತಿರುಗಿಸಿದರೇ ಬಿಚ್ಚುತ್ತದೆ. ಇದು ಮರೆತು ಪೆಡಲ್ ಜೊತೆ ಕುಸ್ತಿ ಆಡುವವರು ಪ್ರತಿ ಸಲ ಒಬ್ಬರು ಇದ್ದೇ ಇರುತ್ತಾರೆ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಮೇಲೆ ಲಿವರ್ ಒತ್ತಬಾರದು, ಪ್ಯಾಡುಗಳ ನಡುವೆ ಮಡಿಸಿದ ರಟ್ಟಿನ ತುಂಡು ಸಿಕ್ಕಿಸಿದರೆ ನೆಮ್ಮದಿ. ರೈಲಿಗೆ ಹತ್ತಿಸುವಾಗ ಮೊದಲು ಇಳಿಯುವವರ ಸೈಕಲ್ ಕೊನೆಗೆ.

ಸ್ಟೇಷನ್ನಿನಲ್ಲಿ ಒಂದು ಗಂಟೆ ಸುಮ್ನೆ ವೇಸ್ಟ್ ಅಲ್ವಾ ಅಂತ ಕೇಳುವವರಿದ್ದಾರೆ. ಹಿಂದಿನ ರೈಡ್‌ನಲ್ಲಿ ಆ ಗಂಟೆಯ ನಲವತ್ತು ನಿಮಿಷವನ್ನು ಒಂದು ಸೀಳಿದ ಟೈರೇ ತಿಂದು ಹಾಕಿತು.