ಗಂಟೆ ಲೆಕ್ಕದಲ್ಲಿ ಕಾರ್ಟಿಂಗ್: ನನ್ನ ಮೂರು ವರ್ಷಗಳ ಖರ್ಚು

ಗೋ-ಕಾರ್ಟಿಂಗ್, ಅಂದರೆ ಪುಟ್ಟ ರೇಸ್ ಗಾಡಿಗಳನ್ನು ಟ್ರ್ಯಾಕಿನಲ್ಲಿ ಓಡಿಸುವ ಹವ್ಯಾಸಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಕೇಳುವವರು ಸಾಮಾನ್ಯವಾಗಿ ಕಾರ್ಟಿನ ಬೆಲೆಯನ್ನು ಕೇಳುತ್ತಾರೆ. ನಾನೂ ಮೊದಲು ಹಾಗೆಯೇ ಕೇಳಿದ್ದೆ. ಟ್ರ್ಯಾಕಿನ ಮೇಲೆ ಕಳೆಯುವ ಪ್ರತಿ ಗಂಟೆಗೆ ಎಷ್ಟಾಗುತ್ತದೆ ಎಂದು ಕೇಳಬೇಕಿತ್ತು ಎಂಬುದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

2021ರ ಕೊನೆಯಲ್ಲಿ ಕಚೇರಿಯ ಗೆಳೆಯರೊಂದಿಗೆ ಬೆಂಗಳೂರಿನ ಹೊರವಲಯದ ಟ್ರ್ಯಾಕೊಂದಕ್ಕೆ ಹೋಗಿ ಹತ್ತು ನಿಮಿಷದ ಸವಾರಿಗೆ 600 ರೂಪಾಯಿ ಕೊಟ್ಟಿದ್ದೆ. ಬಾಡಿಗೆ ಕಾರ್ಟುಗಳಲ್ಲಿ ಸಾಮಾನ್ಯವಾಗಿ ಇರುವುದು ನೀರೆತ್ತುವ ಪಂಪಿಗೂ ಬಳಸುವಂಥ ನಾಲ್ಕು ಸ್ಟ್ರೋಕಿನ ಗಟ್ಟಿ ಎಂಜಿನ್. ಅದು ಹೆಚ್ಚು ವೇಗ ಕೊಡದಿದ್ದರೂ ತಪ್ಪುಗಳನ್ನು ಸಹಿಸಿಕೊಳ್ಳುತ್ತದೆ. ಮುಂದಿನ ಒಂದು ವರ್ಷ ತಿಂಗಳಿಗೆ ಎರಡು ಭಾನುವಾರ, ಪ್ರತಿ ಸಲ ಹತ್ತು ನಿಮಿಷದ ಮೂರು ಸವಾರಿ ಎಂದು ನಿಯಮ ಮಾಡಿಕೊಂಡೆ. ವರ್ಷಕ್ಕೆ 43,200 ರೂಪಾಯಿ ಖರ್ಚಾಯಿತು, ಹನ್ನೆರಡು ಗಂಟೆಯ ಓಟ ಸಿಕ್ಕಿತು. ಅಂದರೆ ಗಂಟೆಗೆ 3,600 ರೂಪಾಯಿ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಮುಂದಿನ ಹೋಲಿಕೆಯೆಲ್ಲ ಇದರೊಡನೆಯೇ.

ಉಡುಪು ಮತ್ತು ರಕ್ಷಣಾ ಸಾಧನಗಳನ್ನು ಕೊಳ್ಳುವಲ್ಲಿ ನಾನು ಕ್ರಮ ತಪ್ಪಿದೆ. ಮೊದಲು ಕೊಂಡದ್ದು 14,000 ರೂಪಾಯಿಯ ಸೂಟು. ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಅಮ್ಮ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದರು. ಮಾತು ಸರಿಯಾಗಿಯೇ ಇತ್ತು. ರೇಸಿಂಗ್ ಕಾರ್ಟಿನಲ್ಲಿ ಸೀಟ್ ಬೆಲ್ಟ್ ಇರುವುದಿಲ್ಲ, ಅಪಘಾತವಾದರೆ ಚಾಲಕ ಹೊರಕ್ಕೆ ಬಿದ್ದು ಡಾಂಬರಿನ ಮೇಲೆ ಜಾರುವ ಸಂಭವವೇ ಹೆಚ್ಚು. ಆದ್ದರಿಂದ ಕಾರ್ಟಿಂಗ್ ಸೂಟನ್ನು ಉಜ್ಜುವಿಕೆ ತಡೆಯುವ ಬಟ್ಟೆಯಿಂದ ಮಾಡಿರುತ್ತಾರೆ; ಕಾರ್ ರೇಸಿನ ಬೆಂಕಿ ನಿರೋಧಕ ದುಬಾರಿ ಸೂಟು ಇಲ್ಲಿ ಅನಗತ್ಯ. ಆದರೆ ಬಾಡಿಗೆ ಕಾರ್ಟ್ ಓಡಿಸುವವನಿಗೆ ಯಾವ ಸೂಟೂ ತುರ್ತಲ್ಲ. ತುರ್ತಾಗಿ ಬೇಕಾದದ್ದು ಪಕ್ಕೆಲುಬಿನ ಕವಚ. 9,000 ರೂಪಾಯಿ ಉಳಿಸಲೆಂದು ಅದನ್ನು ಮುಂದೂಡಿದೆ. ಕಾರ್ಟಿಗೆ ಸಸ್ಪೆನ್ಷನ್ ಇಲ್ಲ. ತಿರುವಿನಲ್ಲಿ ದೇಹದ ಭಾರವೆಲ್ಲ ಫೈಬರ್ ಸೀಟಿನ ಅಂಚಿಗೆ ಒತ್ತುತ್ತದೆ. ಏಳನೆಯ ತಿಂಗಳಿನಲ್ಲಿ ಎಡಪಕ್ಕೆ ಊದಿಕೊಂಡು ಎಕ್ಸ್-ರೇ, ಮಾತ್ರೆ ಮತ್ತು ಮೂರು ವಾರಗಳ ವಿಶ್ರಾಂತಿಯಾಯಿತು. ಅಷ್ಟು ದಿನ ಸೀನಲೂ ಹೆದರುತ್ತಿದ್ದೆ. ಹೆಲ್ಮೆಟ್ಟಿಗೆ 16,000, ಕೈಗವಸಿಗೆ 2,500 ರೂಪಾಯಿ ಹೋಯಿತು, ಅವೆರಡರ ಬಗ್ಗೆ ಪಶ್ಚಾತ್ತಾಪವಿಲ್ಲ.

2023ರ ಜೂನ್‌ನಲ್ಲಿ ನಾನೂ ಒಬ್ಬ ಗೆಳೆಯನೂ ಸೇರಿ ರೋಟ್ಯಾಕ್ಸ್ ಮ್ಯಾಕ್ಸ್ ಎಂಜಿನ್ನಿನ ಹಳೆಯ ಕಾರ್ಟೊಂದನ್ನು 2,80,000 ರೂಪಾಯಿಗೆ ಕೊಂಡೆವು. ಆಸ್ಟ್ರಿಯಾದ ಕಂಪನಿಯ 125 ಸಿಸಿ, ಎರಡು ಸ್ಟ್ರೋಕಿನ, ನೀರಿನಿಂದ ತಂಪಾಗುವ ಎಂಜಿನ್ ಅದು. ಬಾಡಿಗೆ ಕಾರ್ಟಿನಿಂದ ಇದಕ್ಕೆ ಬಂದವನಿಗೆ ಮೊದಲ ದಿನ ಕತ್ತು ನಿಲ್ಲುವುದಿಲ್ಲ. ಎಂಜಿನ್ ಬಿಚ್ಚಿ ಕಟ್ಟಿಸಿ ಇಪ್ಪತ್ತು ಗಂಟೆಯಷ್ಟೇ ಓಡಿದೆ ಎಂದು ಮಾರಿದವರು ಹೇಳಿದ್ದರು, ನಾವು ನಂಬಿದೆವು. ಮೂರನೆಯ ಸಲ ಟ್ರ್ಯಾಕಿಗೆ ಇಳಿಸಿದಾಗ ಶಬ್ದ ಬದಲಾಯಿತು. ಬಿಚ್ಚಿ ನೋಡಿದರೆ ಪಿಸ್ಟನ್ನೂ ಕನೆಕ್ಟಿಂಗ್ ರಾಡಿನ ಬೇರಿಂಗೂ ಸವೆದು ಹೋಗಿದ್ದವು. ದುರಸ್ತಿಗೆ 78,000 ರೂಪಾಯಿ. ಈ ಎಂಜಿನ್ನನ್ನು ಸುಮಾರು ಐವತ್ತು ಗಂಟೆಗೊಮ್ಮೆ ಬಿಚ್ಚಿ ಕಟ್ಟಿಸುವುದು ವಾಡಿಕೆ. ಸ್ಪರ್ಧೆಗೆ ಬಳಸುವ ಎಂಜಿನ್ನಿಗೆ ಅಧಿಕೃತ ಕೇಂದ್ರದವರು ಸಂಖ್ಯೆಯಿರುವ ಸೀಲ್ ಹಾಕಿ, ಆ ಸಂಖ್ಯೆಯನ್ನು ದಾಖಲೆಯಲ್ಲಿ ಬರೆದುಕೊಡುತ್ತಾರೆ. ಆ ದಾಖಲೆಯನ್ನು ಕೇಳುವಷ್ಟು ತಿಳಿವಳಿಕೆ ನಮಗಿರಲಿಲ್ಲ.

ಅಂದಿನಿಂದ ನಾನು ಒಂದು ನೋಟ್ ಪುಸ್ತಕದಲ್ಲಿ ಎಂಜಿನ್ ಓಡಿದ ಗಂಟೆಗಳನ್ನೂ ಖರ್ಚನ್ನೂ ಬರೆಯತೊಡಗಿದೆ. ವರ್ಷದಲ್ಲಿ ಹದಿನೆಂಟು ದಿನ, ದಿನಕ್ಕೆ ಇಬ್ಬರಿಗೂ ಒಂದೊಂದು ಗಂಟೆಯಂತೆ ಕಾರ್ಟು ಮೂವತ್ತಾರು ಗಂಟೆ ಓಡಿತು. ಮುಂದಿನ ದುರಸ್ತಿಗೆ ಎತ್ತಿಡಬೇಕಾದ ಹಣ ಗಂಟೆಗೆ 1,560 ರೂಪಾಯಿ. 18,000 ರೂಪಾಯಿಯ ಟೈರುಗಳ ಸೆಟ್ಟು ನಮ್ಮ ಕೈಯಲ್ಲಿ ಐದು ಗಂಟೆಗಿಂತ ಹೆಚ್ಚು ಬಾಳಲಿಲ್ಲವಾದ್ದರಿಂದ ಅದರದು 3,600. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕಾರ್ಟಿಗೆ ಇಲ್ಲ, ಹಿಂದಿನ ಎರಡು ಚಕ್ರಗಳೂ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ. ತಿರುವಿನಲ್ಲಿ ಒಳಗಿನ ಹಿಂಚಕ್ರ ನೆಲದಿಂದ ತುಸು ಮೇಲೇಳುವಂತೆ ಓಡಿಸಲು ಬಾರದವನು ಟೈರನ್ನು ಉಜ್ಜಿ ತಿನ್ನುತ್ತಾನೆ. ನಾವಿಬ್ಬರೂ ಅಂಥವರೇ. ಪೆಟ್ರೋಲು ಮತ್ತು ಅದಕ್ಕೆ ಬೆರೆಸುವ ಎಣ್ಣೆಗೆ 1,150, ಚೈನು, ಸ್ಪ್ರಾಕೆಟ್, ಪ್ಲಗ್ ಮುಂತಾದವುಗಳಿಗೆ 700, ಟ್ರ್ಯಾಕಿನ ಶುಲ್ಕ ಮತ್ತು ಮೆಕ್ಯಾನಿಕ್ ಕೂಲಿಗೆ 3,500, ಕಾರ್ಟ್ ಇಡುವ ಜಾಗದ ಬಾಡಿಗೆಗೆ ಸುಮಾರು 1,330. ಎಲ್ಲ ಕೂಡಿದರೆ ಗಂಟೆಗೆ 11,800 ರೂಪಾಯಿ ದಾಟುತ್ತದೆ. ನನ್ನ ಹದಿನೆಂಟು ಗಂಟೆಗಳಿಗೆ ಎರಡು ಲಕ್ಷಕ್ಕೂ ಹೆಚ್ಚು, ಅಂದರೆ ಕಾರ್ಟು ಕೊಳ್ಳಲು ನಾನು ಹಾಕಿದ 1,40,000 ರೂಪಾಯಿಯನ್ನು ಒಂದೇ ವರ್ಷದ ಓಟದ ಖರ್ಚು ಮೀರಿಸಿತ್ತು.

ಒಮ್ಮೆ ಮಾತ್ರ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಗೆ ಕಾರ್ಟು ಒಯ್ದೆವು. ಪಿಕಪ್ ಗಾಡಿ, ವಸತಿ, ಊಟ ಸೇರಿ ನನ್ನ ಪಾಲಿಗೆ ಬಂದದ್ದು 19,000 ರೂಪಾಯಿ. ಅಲ್ಲಿ ಕಲಿತ ಪಾಠ ಮಾತ್ರ ಅಗ್ಗವಾಗಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೊಯಮತ್ತೂರು ಅದರ ಅರ್ಧದಷ್ಟೂ ಇಲ್ಲ. ಕೆಳಗೆ ಗಾಳಿ ದಟ್ಟವಾಗಿರುವುದರಿಂದ ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ (ಪೆಟ್ರೋಲು ಹರಿಯುವ ರಂಧ್ರವಿರುವ ತುಂಡು) ಹಾಕದಿದ್ದರೆ ಪೆಟ್ರೋಲು ಸಾಲದೆ ಎಂಜಿನ್ ಕಾದು ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಪಕ್ಕದ ಶೆಡ್ಡಿನ ಮೆಕ್ಯಾನಿಕ್ ಒಬ್ಬರು ನಮ್ಮನ್ನು ತಡೆದು, "ಮೊದಲು ಜೆಟ್ ಬದಲಾಯಿಸಿ" ಎಂದರು. ಕೆಲವೇ ನೂರು ರೂಪಾಯಿಯ ಹಿತ್ತಾಳೆಯ ತುಂಡು ನಮ್ಮ ಎಂಜಿನ್ನನ್ನು ಉಳಿಸಿತು.

ದೇಶದ ಮೋಟರ್ ಕ್ರೀಡೆಗಳನ್ನು ನಿಯಂತ್ರಿಸುವ ಎಫ್‌ಎಂಎಸ್‌ಸಿಐ ಸಂಸ್ಥೆಯ ಲೈಸೆನ್ಸ್ ಪಡೆದು ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿಗೆ ಇಳಿಯುವ ಯೋಚನೆಯೂ ಬಂದಿತ್ತು. ಒಂದು ತಂಡದವರಿಂದ ಇಡೀ ಋತುವಿನ ಖರ್ಚನ್ನು ಕೇಳಿ ತಿಳಿದ ಮೇಲೆ ಆ ಮಾತನ್ನು ಮನೆಯಲ್ಲಿ ಎತ್ತಲಿಲ್ಲ.

ಈಗ ನಾನು ಮತ್ತೆ ಬಾಡಿಗೆ ಕಾರ್ಟುಗಳನ್ನೇ ಓಡಿಸುತ್ತಿದ್ದೇನೆ. ಎರಡು ಸ್ಟ್ರೋಕಿನ ಆ ಸುಟ್ಟ ಎಣ್ಣೆಯ ವಾಸನೆ ನೆನಪಾಗದ ಭಾನುವಾರವಿಲ್ಲ, ಆದರೂ ಅದೇ ಹಣಕ್ಕೆ ಮೂರು ಪಟ್ಟು ಹೊತ್ತು ಸ್ಟಿಯರಿಂಗ್ ಹಿಡಿಯಬಹುದು ಎಂಬ ಲೆಕ್ಕ ನನ್ನಂಥ ಸಂಬಳದಾರನಿಗೆ ಒಪ್ಪಿಗೆಯಾಗಿದೆ.

ನಮ್ಮ ಕಾರ್ಟನ್ನು 2024ರ ನವೆಂಬರ್‌ನಲ್ಲಿ ಮಾರಿದೆವು. ನಾವು ಹೇಳಿದ ಬೆಲೆ 2,45,000 ರೂಪಾಯಿ. ಕೊಳ್ಳಲು ಬಂದ ಯುವಕ ಕಾರ್ಟಿನತ್ತ ಹೆಚ್ಚು ನೋಡಲೇ ಇಲ್ಲ. ಸೀಲಿನ ದಾಖಲೆ ಕೇಳಿದ, ನನ್ನ ನೋಟ್ ಪುಸ್ತಕದ ಕೊನೆಯ ಪುಟ ತೆರೆದ. ಅಲ್ಲಿ 41 ಗಂಟೆ ಎಂದಿತ್ತು. "ಇನ್ನೊಂಬತ್ತು ಗಂಟೆಗೆ ಎಂಜಿನ್ ಬಿಚ್ಚಬೇಕಾಗುತ್ತದೆ ಸರ್" ಎಂದು ಹದಿನೈದು ಸಾವಿರ ಇಳಿಸಿ ಕೇಳಿದ. ನಾನು ಚೌಕಾಸಿ ಮಾಡದೆ ಒಪ್ಪಿಕೊಂಡೆ.