ಮೂವತ್ತು ತಂಡ, 1,230 ಗೆಲುವು: ಸೀಸನ್‌ಗೆ ಮುಂಚಿನ ನನ್ನ ಲೆಕ್ಕ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಸೀಸನ್ ಶುರುವಾಗುವ ಮುಂಚೆ ಯಾವ ತಂಡ ಎಷ್ಟು ಪಂದ್ಯ ಗೆದ್ದೀತು ಅಂತ ಅಂದಾಜು ಬರೆಯುವ ಚಟ ನನಗಿದೆ. ಹೊಟ್ಟೆಪಾಡಿಗೆ ಶಿವಮೊಗ್ಗದ ಎಪಿಎಂಸಿಯಲ್ಲಿ ಅಡಿಕೆ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ಸಂಜೆ ಹೊತ್ತು ಬಾಸ್ಕೆಟ್‌ಬಾಲ್ ಆಡುವುದು, ಹುಡುಗರಿಗೆ ಒಂದಿಷ್ಟು ಹೇಳಿಕೊಡುವುದು ಹಳೆಯ ಅಭ್ಯಾಸ. ಆ ಹುಡುಗರಿಗಾಗಿಯೇ ಪ್ರತಿ ಅಕ್ಟೋಬರ್‌ಗೆ ಒಂದು ಹಾಳೆ ತಯಾರಾಗುತ್ತದೆ: ಮೂವತ್ತು ಸಾಲು, ಪ್ರತಿ ತಂಡಕ್ಕೆ ಕಡಿಮೆ ಎಂದರೆ ಇಷ್ಟು, ಹೆಚ್ಚೆಂದರೆ ಇಷ್ಟು, ಪಕ್ಕದಲ್ಲಿ ಒಂದೆರಡು ಮಾತು. ಇದನ್ನು ಹೇಗೆ ಮಾಡುತ್ತೀ ಅಂತ ಕೇಳಿದವರಿಗೆ ಇಷ್ಟು ದಿನ ಬಾಯಲ್ಲೇ ಹೇಳುತ್ತಿದ್ದೆ, ಈ ಸಲ ಬರೆದಿಡುತ್ತಿದ್ದೇನೆ.

ಹುಡುಗರ ಲೆಕ್ಕ ಸರಳ. ದೊಡ್ಡ ಹೆಸರು ಎಷ್ಟಿವೆ ಅಂತ ಎಣಿಸಿದರೆ ಮುಗಿಯಿತು. "ಲೇಕರ್ಸ್‌ನಲ್ಲಿ ಲುಕಾ ಇದಾನೆ, ಲೆಬ್ರಾನ್ ಇದಾನೆ, ಇನ್ನೇನಣ್ಣ ಬೇಕು?" ನಾನು ಅವರಿಗೆ ಫೀನಿಕ್ಸ್ ತೋರಿಸುತ್ತೇನೆ. 2024-25ರಲ್ಲಿ ಆ ತಂಡದಲ್ಲಿ ಕೆವಿನ್ ಡುರಾಂಟ್, ಡೆವಿನ್ ಬುಕರ್, ಬ್ರಾಡ್ಲಿ ಬೀಲ್ ಮೂವರೂ ಇದ್ದರು. ಗೆದ್ದದ್ದು 36, ಸೋತದ್ದು 46. ಪ್ಲೇ ಆಫ್ ಹಾಗಿರಲಿ, ಏಳರಿಂದ ಹತ್ತನೇ ಸ್ಥಾನದವರಿಗೆ ಕೊಡುವ ಪ್ಲೇ-ಇನ್ ಅವಕಾಶವೂ ಸಿಗಲಿಲ್ಲ. ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಜೋಯೆಲ್ ಎಂಬೀಡ್, ಪಾಲ್ ಜಾರ್ಜ್, ಟೈರೀಸ್ ಮ್ಯಾಕ್ಸಿ ಇದ್ದರು. ಹೆಸರು ನೋಡಿದರೆ ಫೈನಲ್‌ಗೆ ಹೋಗಬೇಕು. ಎಂಬೀಡ್ ಆಡಿದ್ದು 19 ಪಂದ್ಯ, ತಂಡ ಗೆದ್ದದ್ದು 24.

ಹಾಗಾಗಿ ನಾನು ಹೆಸರಿಗಿಂತ ಮೊದಲು ಎರಡು ವಿಷಯ ನೋಡುತ್ತೇನೆ. ಹೋದ ವರ್ಷ ಪ್ರತಿ ಪಂದ್ಯದಲ್ಲಿ ತಂಡ ಗಳಿಸಿದ್ದಕ್ಕೂ ಎದುರಾಳಿಗೆ ಬಿಟ್ಟುಕೊಟ್ಟದ್ದಕ್ಕೂ ಸರಾಸರಿ ಎಷ್ಟು ಪಾಯಿಂಟ್ ಅಂತರ ಇತ್ತು, ಮತ್ತು ಈ ವರ್ಷ ಕೋರ್ಟಿನ ಮೇಲೆ ಯಾರು ಎಷ್ಟು ನಿಮಿಷ ನಿಲ್ಲುತ್ತಾರೆ. ಉಳಿದದ್ದೆಲ್ಲ ಇವೆರಡಕ್ಕೆ ಅಂಟಿಕೊಂಡು ಬರುತ್ತದೆ.

ಅಂತರದ ಲೆಕ್ಕ ಹೀಗೆ. ಒಂದು ತಂಡಕ್ಕೆ 82 ಪಂದ್ಯ, ಅರ್ಧ ಎಂದರೆ 41. ಸರಾಸರಿ ಅಂತರ ಒಂದು ಪಾಯಿಂಟ್ ಹೆಚ್ಚಿದರೆ ಸುಮಾರು ಎರಡೂವರೆ ಗೆಲುವು ಹೆಚ್ಚು. 2024-25ರ ಹ್ಯೂಸ್ಟನ್ ತಗೊಳ್ಳಿ: ಅಂತರ ನಾಲ್ಕೂವರೆ ಪಾಯಿಂಟ್. ಎರಡೂವರೆಯಿಂದ ಗುಣಿಸಿದರೆ ಹನ್ನೊಂದು ಚಿಲ್ಲರೆ, 41ಕ್ಕೆ ಕೂಡಿದರೆ 52. ಗೆದ್ದದ್ದೂ 52. ಎಲ್ಲ ತಂಡಕ್ಕೂ ಇಷ್ಟು ಚೊಕ್ಕವಾಗಿ ಕೂಡುವುದಿಲ್ಲ. ಅದೇ ವರ್ಷದ ಚಾಂಪಿಯನ್ ಓಕ್ಲಹೋಮಾ ಸಿಟಿಯ ಅಂತರ ಹತ್ತಿರತ್ತಿರ 13. ಈ ಸೂತ್ರದ ಪ್ರಕಾರ 73 ಗೆಲ್ಲಬೇಕಿತ್ತು, ಗೆದ್ದದ್ದು 68. ನಲವತ್ತು ಪಾಯಿಂಟಿನಿಂದ ಗೆದ್ದರೂ ಸಿಗುವುದು ಒಂದೇ ಗೆಲುವು. ಹಾಗಾಗಿ ಅಂತರ ಹತ್ತರ ಹತ್ತಿರ ಬಂದಾಗ ನಾನು ಕೈ ಬಿಗಿ ಹಿಡಿಯುತ್ತೇನೆ.

ಗೆಲುವಿನ ಪಟ್ಟಿಯನ್ನೇ ನೋಡದೆ ಅಂತರ ಯಾಕೆ ನೋಡಬೇಕು? ಒಂದು-ಎರಡು ಪಾಯಿಂಟಿನಲ್ಲಿ ಮುಗಿಯುವ ಪಂದ್ಯದಲ್ಲಿ ಅದೃಷ್ಟದ ಪಾಲು ಜಾಸ್ತಿ. ಈ ವರ್ಷ ಅಂಥವನ್ನು ಗೆದ್ದವರು ಮುಂದಿನ ವರ್ಷವೂ ಗೆಲ್ಲುತ್ತಾರೆ ಅಂತ ನಂಬಲಾಗದು. ಲೇಕರ್ಸ್ ಹುಡುಗನಿಗೆ ನಾನು ಕೊಟ್ಟ ಉತ್ತರವೂ ಇದೇ. 2024-25ರಲ್ಲಿ ಲೇಕರ್ಸ್ 50 ಗೆದ್ದು ಲೀಗಿನ ಪಶ್ಚಿಮ ವಿಭಾಗದಲ್ಲಿ ಮೂರನೆಯವರು, ಮಿನೆಸೋಟಾ 49 ಗೆದ್ದು ಆರನೆಯವರು. ಒಂದೇ ಗೆಲುವಿನ ವ್ಯತ್ಯಾಸ. ಅಂತರ ನೋಡಿದರೆ ಲೇಕರ್ಸ್‌ದು ಒಂದು ಪಾಯಿಂಟಿನ ಆಸುಪಾಸು, ಮಿನೆಸೋಟಾದ್ದು ಐದು. ಮೊದಲ ಸುತ್ತಿನಲ್ಲಿ ಎದುರುಬದುರಾದಾಗ ಮಿನೆಸೋಟಾ 4-1ರಲ್ಲಿ ಮುಗಿಸಿತು. ನ್ಯಾಯವಾಗಿ ಹೇಳಬೇಕೆಂದರೆ ಲುಕಾ ಲೇಕರ್ಸ್‌ಗೆ ಬಂದದ್ದೇ ಫೆಬ್ರವರಿಯಲ್ಲಿ, ಆಂಥನಿ ಡೇವಿಸ್ ಬದಲಿಗೆ. ಅರ್ಧ ವರ್ಷ ಒಂದು ತಂಡ, ಇನ್ನರ್ಧ ಬೇರೆಯದೇ ತಂಡ. ಆದರೂ ಆ ಹುಡುಗ ಈಗ ಅಂತರದ ಕಾಲಮ್ಮನ್ನೇ ಮೊದಲು ನೋಡುತ್ತಾನೆ.

ಹೋದ ವರ್ಷದ ಅಂತರವನ್ನು ಹಾಗೇ ಹೊಸ ವರ್ಷಕ್ಕೆ ಎತ್ತಿಡುವುದಿಲ್ಲ. ಮೂರರಲ್ಲಿ ಒಂದು ಪಾಲು ಕಡಿದು ಸೊನ್ನೆಯ ಕಡೆ ಎಳೆಯುತ್ತೇನೆ. ಮೇಲಿದ್ದವರು ಸ್ವಲ್ಪ ಇಳಿಯುವುದು, ಕೆಳಗಿದ್ದವರು ಸ್ವಲ್ಪ ಏರುವುದು ಈ ಲೀಗಿನ ಸ್ವಭಾವ. ಆಟಗಾರರ ಸಂಬಳಕ್ಕೆ ಮಿತಿ ಇದೆ, ಸೋತವರಿಗೆ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರನ್ನು ಸರದಿಯಂತೆ ಆರಿಸುವಲ್ಲಿ, ಮೇಲಿನ ಸರದಿ ಸಿಗುವ ಅವಕಾಶ ಹೆಚ್ಚು. ವ್ಯವಸ್ಥೆ ಕಟ್ಟಿರುವುದೇ ಹಾಗೆ.

ಇಲ್ಲಿಂದ ನಿಮಿಷದ ಲೆಕ್ಕ. ಕೆಲಸವೆಲ್ಲ ಇರುವುದು ಇಲ್ಲೇ. ಪಂದ್ಯ 48 ನಿಮಿಷ, ಕೋರ್ಟಿನಲ್ಲಿ ಐವರು, ಅಂದರೆ ಒಂದು ತಂಡಕ್ಕೆ ಪಂದ್ಯಕ್ಕೆ 240 ನಿಮಿಷ. ಜುಲೈ, ಆಗಸ್ಟ್‌ನಲ್ಲಿ ಇದನ್ನು ತುಂಬುತ್ತಾ ಕೂರುತ್ತೇನೆ. ಆ ಹೊತ್ತಿಗೆ ನಮ್ಮಲ್ಲಿ ಮಳೆ ಹಿಡಿದಿರುತ್ತದೆ, ಕೋರ್ಟ್ ಒದ್ದೆ, ಆಡುವ ಮಾತಿಲ್ಲ. ಅಲ್ಲಿ ಅಮೆರಿಕದಲ್ಲಿ ಆಟಗಾರರು ತಂಡ ಬದಲಿಸುವ ಗದ್ದಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಹೋದರಂತೂ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹಾಗಾಗಿ ಹಳೆಯ ಲೆಡ್ಜರ್ ಪುಸ್ತಕದಲ್ಲಿ ಪೆನ್ಸಿಲ್‌ನಲ್ಲೇ ಬರೆಯುತ್ತೇನೆ. ಎಡಕ್ಕೆ ಹೋದವರು, ಬಲಕ್ಕೆ ಬಂದವರು. ಅಮ್ಮ ಬಗ್ಗಿ ನೋಡಿ, "ಮಂಡಿ ಲೆಕ್ಕ ಇಲ್ಲಿಗೂ ತಂದ್ಯೇನೋ?" ಅಂತಾರೆ.

ಒಬ್ಬ ಆಟಗಾರ ಹೋದಾಗ ಅವನ ಪಾಯಿಂಟ್ ಹೋಯಿತು ಅಂತ ಬರೆಯಬಾರದು. ಅವನ ನಿಮಿಷ ಖಾಲಿಯಾಯಿತು, ಅದನ್ನು ಯಾರು ತುಂಬುತ್ತಾರೆ ಅಂತ ಕೇಳಬೇಕು. ಮೊದಲ ಐವರ ವಿಷಯ ಎಲ್ಲರಿಗೂ ಗೊತ್ತಿರುತ್ತದೆ. ನಾನು ಆರರಿಂದ ಹತ್ತನೆಯವರ ತನಕ ಇಳಿಯುತ್ತೇನೆ. ನಮ್ಮ ಕಡೆ ಅಡಿಕೆ ಖೇಣಿ ಹಿಡಿಯುವವರಲ್ಲೂ, ಅಂದರೆ ಮರದ ಮೇಲಿನ ಫಸಲನ್ನೇ ಮೊದಲೇ ಕೊಳ್ಳುವವರಲ್ಲೂ, ಎರಡು ಥರ ಇದ್ದಾರೆ. ರಸ್ತೆ ಬದಿಯ ಮರದ ದಪ್ಪ ಗೊನೆ ನೋಡಿ ರೇಟು ಕಟ್ಟಿದವನು ಕೈ ಸುಟ್ಟುಕೊಳ್ಳುತ್ತಾನೆ. ಪಳಗಿದವನು ತೋಟದೊಳಗೆ ಇಳಿದು, ತಗ್ಗಿನ ಸಾಲಿನಲ್ಲಿ ಕೊಳೆರೋಗ ಎಷ್ಟು ಹೊಡೆದಿದೆ, ಬುಡದಲ್ಲಿ ಉದುರಿದ ಕಾಯಿ ಎಷ್ಟಿದೆ ಅಂತ ನೋಡಿ ಆಮೇಲೆ ಬಾಯಿ ಬಿಡುತ್ತಾನೆ. ಎನ್‌ಬಿಎಯಲ್ಲಿ ಆ ತಗ್ಗಿನ ಸಾಲು ಎಂದರೆ ಎಂಟನೆಯ, ಒಂಬತ್ತನೆಯ ಆಟಗಾರ. ಸೀಸನ್ ಆರು ತಿಂಗಳು, ಎರಡು ದಿನ ಬೆನ್ನಿಗೆ ಬೆನ್ನಿಗೆ ಆಡುವ ಸಂದರ್ಭಗಳು ಪ್ರತಿ ತಂಡಕ್ಕೂ ಹದಿನೈದರ ಆಸುಪಾಸು. ಅವನು ಆಡಲೇಬೇಕಾಗುತ್ತದೆ.

2025ರ ಹ್ಯೂಸ್ಟನ್ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಬೇಸಿಗೆಯಲ್ಲಿ ಅವರು ಡುರಾಂಟ್‌ನನ್ನು ಫೀನಿಕ್ಸ್‌ನಿಂದ ತಂದರು. ಬದಲಿಗೆ ಹೋದವರಲ್ಲಿ ಜೇಲನ್ ಗ್ರೀನ್, ಡಿಲನ್ ಬ್ರೂಕ್ಸ್ ಮುಖ್ಯ. ಪೇಪರ್‌ನವರೆಲ್ಲ ಡುರಾಂಟ್ ಬಂದ ಅಂತ ಬರೆದರು. ನನ್ನ ಪುಸ್ತಕದಲ್ಲಿ ಮೊದಲ ಸಾಲು ಬೇರೆ: ಗ್ರೀನ್ ಹಿಂದಿನ ಸೀಸನ್‌ನಲ್ಲಿ 82ಕ್ಕೆ 82 ಪಂದ್ಯವೂ ಆಡಿದವನು. ಡುರಾಂಟ್ ಆಟ ಗ್ರೀನ್‌ಗಿಂತ ಎಷ್ಟೋ ಮೇಲು, ಅದರಲ್ಲಿ ವಾದವಿಲ್ಲ. ಆದರೆ 37ನೇ ವಯಸ್ಸಿಗೆ ಕಾಲಿಡುತ್ತಿದ್ದವನಿಗೆ 82 ಪಂದ್ಯ ಬರೆಯಲು ನನ್ನ ಕೈ ಓಡಲಿಲ್ಲ. ಅವನಿಗೆ ಅರವತ್ತು ಚಿಲ್ಲರೆ ಪಂದ್ಯ ಬರೆದು, ಉಳಿದವನ್ನು ಬೆಂಚಿಗೆ ಹಂಚಿದೆ. ಆದರೂ ಲೆಕ್ಕ ಐವತ್ತೈದರ ಹತ್ತಿರ ಬಂತು.

ನವರಾತ್ರಿ ಶುರುವಾದ ಹೊತ್ತಿಗೆ ಸುದ್ದಿ: ಅವರ ಪಾಯಿಂಟ್ ಗಾರ್ಡ್ ಫ್ರೆಡ್ ವ್ಯಾನ್‌ವ್ಲೀಟ್‌ಗೆ ಅಭ್ಯಾಸದ ವೇಳೆ ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟ್ ಹರಿದಿದೆ. ಊರಲ್ಲಿ ದಸರಾ ಗಡಿಬಿಡಿ, ಮಂಡಿಯಲ್ಲಿ ಹೊಸ ಅಡಿಕೆಯ ಮಾತು ಶುರುವಾಗಿತ್ತು. ರಾತ್ರಿ ಕೂತು ಹ್ಯೂಸ್ಟನ್ ಪುಟ ಮತ್ತೆ ತೆರೆದೆ. ಅವನು ಪಂದ್ಯಕ್ಕೆ ಸುಮಾರು 35 ನಿಮಿಷ ಆಡುತ್ತಿದ್ದವನು. ಅರವತ್ತೈದು ಪಂದ್ಯ ಆಡುತ್ತಾನೆ ಎಂದಿಟ್ಟುಕೊಂಡಿದ್ದೆ. 35ನ್ನು 65ರಿಂದ ಗುಣಿಸಿ: 2,275 ನಿಮಿಷ ಖಾಲಿ. ಚೆಂಡು ಹಿಡಿದು ಆಟ ನಡೆಸುವ ಕೆಲಸ ಆಮೆನ್ ಥಾಂಪ್ಸನ್‌ಗೆ ಬೀಳುತ್ತದೆ, ಆದರೆ ಅವನು ಹೇಗೂ ಮೂವತ್ತಕ್ಕೂ ಹೆಚ್ಚು ನಿಮಿಷ ಆಡುವವನು, ಅವನಿಗೆ ಹೊಸದಾಗಿ ಕೊಡಲು ಜಾಗವೇ ಇಲ್ಲ. ನಿಜವಾಗಿ ನಿಮಿಷ ಹೆಚ್ಚುವುದು ರೀಡ್ ಶೆಪರ್ಡ್‌ಗೆ. 2024ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಬಂದರೂ ಮೊದಲ ವರ್ಷ ಹೆಚ್ಚಿನ ಹೊತ್ತು ಬೆಂಚಿನಲ್ಲೇ ಕೂತ ಹುಡುಗ. ಶೂಟಿಂಗ್ ಸೊಗಸು, ಡಿಫೆನ್ಸ್ ಕಷ್ಟ. ನಾಲ್ಕು ಗೆಲುವು ಕಳೆದೆ, ಕಡಿಮೆ-ಹೆಚ್ಚಿನ ನಡುವಿನ ಅಂತರವನ್ನು ಹಿಗ್ಗಿಸಿದೆ. ಇದೊಂದು ಮುಖ್ಯ: ಆಟಗಾರ ಹೋದಾಗ ಅಂದಾಜು ಇಳಿಯುವುದಷ್ಟೇ ಅಲ್ಲ, ಅದರ ಮೇಲಿನ ಭರವಸೆಯೂ ಇಳಿಯುತ್ತದೆ. ಒಂದೇ ಸಂಖ್ಯೆ ಬರೆಯುವವರ ಹಾಳೆಯಲ್ಲಿ ಆ ಎರಡನೆಯದು ಕಾಣುವುದೇ ಇಲ್ಲ. ಅಕ್ಟೋಬರ್ 21ರ ಮೊದಲ ಪಂದ್ಯದಲ್ಲಿ ಹ್ಯೂಸ್ಟನ್ ಎರಡು ಓವರ್‌ಟೈಮ್ ಆಡಿ ಓಕ್ಲಹೋಮಾ ಎದುರು 125-124ರಲ್ಲಿ ಸೋತಿತು. ನಮಗಿಲ್ಲಿ ಬೆಳಗಿನ ಐದಕ್ಕೆ ಎದ್ದು ನೋಡಿದ ಪಂದ್ಯ. ಅದರಿಂದ ನನ್ನ ಹಾಳೆಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ.

ವಯಸ್ಸಿನ ವಿಷಯ ಬೇಗ ಮುಗಿಸುತ್ತೇನೆ. ಇಪ್ಪತ್ತೆರಡು, ಇಪ್ಪತ್ಮೂರರವರು ತುಂಬಿದ ತಂಡಕ್ಕೆ ಸ್ವಲ್ಪ ಕೂಡಿಸುತ್ತೇನೆ, ಮೂವತ್ತೆರಡು ದಾಟಿದವರ ಮೇಲೆ ನಿಂತ ತಂಡಕ್ಕೆ ಕಳೆಯುತ್ತೇನೆ. ಓಕ್ಲಹೋಮಾ 2021-22ರಿಂದ ನಾಲ್ಕು ಸೀಸನ್‌ನಲ್ಲಿ 24, 40, 57, 68 ಅಂತ ಏರಿದ್ದು ಈ ಲೆಕ್ಕಕ್ಕೆ ಒಳ್ಳೆಯ ಗುರು. ಆದರೆ ಹುಡುಗರಿರುವ ತಂಡವೆಲ್ಲ ಹಾಗೆ ಏರುವುದಿಲ್ಲ.

ಕೋಚ್ ವಿಷಯದಲ್ಲಿ ಮಾತ್ರ ನನಗೆ ಸೂತ್ರ ಸಿಕ್ಕಿಲ್ಲ, ಸಿಗುತ್ತದೆ ಅಂತಲೂ ಅನಿಸುವುದಿಲ್ಲ. 2024ರಲ್ಲಿ ಕ್ಲೀವ್‌ಲ್ಯಾಂಡ್‌ನವರು ಜೆ.ಬಿ. ಬಿಕರ್‌ಸ್ಟಾಫ್ ಅವರನ್ನು ತೆಗೆದು ಕೆನ್ನಿ ಅಟ್ಕಿನ್ಸನ್ ಅವರನ್ನು ತಂದರು. ತಂಡ ಹೆಚ್ಚೂಕಮ್ಮಿ ಅದೇ, ಗೆಲುವು 48ರಿಂದ 64ಕ್ಕೆ. ಹಾಗಾದರೆ ಬಿಕರ್‌ಸ್ಟಾಫ್ ಕೆಟ್ಟ ಕೋಚಾ? ಅವರು ಹೋಗಿ ಡೆಟ್ರಾಯಿಟ್ ಸೇರಿದರು. ಹಿಂದಿನ ವರ್ಷ ಸತತ 28 ಪಂದ್ಯ ಸೋತು, ಒಟ್ಟು 14 ಗೆದ್ದಿದ್ದ ತಂಡ ಅದು. ಇವರ ಮೊದಲ ವರ್ಷ 44 ಗೆದ್ದಿತು! ಅದರಲ್ಲಿ ಕೋಚ್ ಪಾಲು ಎಷ್ಟು ಅಂತ ಬೇರ್ಪಡಿಸುವುದು ಕಷ್ಟ. ಡೆಟ್ರಾಯಿಟ್‌ನವರು ಶೂಟರ್‌ಗಳನ್ನೂ ತಂದಿದ್ದರು, ಮಲಿಕ್ ಬೀಸ್ಲಿ ಒಬ್ಬನೇ 319 ತ್ರೀ ಪಾಯಿಂಟರ್ ಹಾಕಿದ. ಹೊರಗಿನಿಂದ ಹೊಡೆಯುವವರು ಇಲ್ಲದಾಗ ಎದುರಾಳಿಗಳೆಲ್ಲ ಬುಟ್ಟಿಯ ಕೆಳಗೇ ಗುಂಪುಗೂಡುತ್ತಿದ್ದರು. ಅವರ ಕೇಡ್ ಕನಿಂಗ್‌ಹ್ಯಾಮ್ ಎಷ್ಟೇ ಚುರುಕಾದರೂ ನುಗ್ಗಲು ದಾರಿ ಬೇಕಲ್ಲ. ನಮ್ಮ ಕೋರ್ಟಿನಲ್ಲಿ ಹುಡುಗರಿಗೆ ಕಾರ್ನರ್‌ನಲ್ಲಿ ನಿಲ್ಲಿ, ಚೆಂಡು ಬರದಿದ್ದರೂ ಸರಿ ಅಲ್ಲೇ ನಿಲ್ಲಿ ಅಂತ ಬೈಯುವಾಗ ನಾನು ಡೆಟ್ರಾಯಿಟ್ ಹೆಸರೇ ಹೇಳುವುದು.

ದುಡ್ಡಿನ ನಿಯಮವನ್ನೂ ಒಂದಿಷ್ಟು ಓದಿಕೊಳ್ಳಬೇಕು. 2023ರ ಹೊಸ ಒಪ್ಪಂದದ ನಂತರ 'ಸೆಕೆಂಡ್ ಏಪ್ರನ್' ಎಂಬ ಗೆರೆ ಬಂದಿದೆ. ಸಂಬಳದ ಮೊತ್ತ ಅದನ್ನು ದಾಟಿದ ತಂಡಕ್ಕೆ ಇಬ್ಬರು ಆಟಗಾರರ ಸಂಬಳ ಒಟ್ಟು ಸೇರಿಸಿ ಒಬ್ಬ ದೊಡ್ಡವನನ್ನು ತರುವಂಥ ವ್ಯಾಪಾರವೂ ಮುಚ್ಚುತ್ತದೆ. 2025ರಲ್ಲಿ ಬಾಸ್ಟನ್ ಜ್ರೂ ಹಾಲಿಡೇ, ಪೋರ್ಜಿಂಗಿಸ್ ಇಬ್ಬರನ್ನೂ ಬಿಟ್ಟುಕೊಟ್ಟದ್ದರ ಹಿಂದೆ ಇದೇ ಒತ್ತಡ. ಮೇ ತಿಂಗಳಲ್ಲಿ ಅವರ ಜೇಸನ್ ಟೇಟಮ್‌ನ ಹಿಮ್ಮಡಿಯ ಅಕಿಲಿಸ್ ನರ ಬೇರೆ ಹರಿದಿತ್ತು. ಗೆರೆಗೆ ತಾಗಿಕೊಂಡಿರುವ ತಂಡದ ಮುಂದೆ ನಾನು ಒಂದು ಚುಕ್ಕೆ ಇಡುತ್ತೇನೆ: ನಡುವೆ ಏನಾದರೂ ಎಡವಟ್ಟಾದರೆ ಇವರಿಗೆ ರಿಪೇರಿಗೆ ದಾರಿ ಕಮ್ಮಿ ಅಂತ.

ಸೀಸನ್ ಮುಂಚಿನ ಅಭ್ಯಾಸ ಪಂದ್ಯಗಳ ಫಲಿತಾಂಶಕ್ಕೆ ನನ್ನಲ್ಲಿ ಕಾಲಮ್ಮೇ ಇಲ್ಲ. 2019ರ ಅಕ್ಟೋಬರ್‌ನಲ್ಲಿ ಮುಂಬೈಗೆ ಬಂದು ಇಂಡಿಯಾನಾ, ಸ್ಯಾಕ್ರಮೆಂಟೋ ಆಡಿದ್ದೂ ಇಂಥ ಪಂದ್ಯಗಳೇ. ನಮಗೆ ಹಬ್ಬ, ಅವರಿಗೆ ಮೈ ಬಿಸಿ ಮಾಡಿಕೊಳ್ಳುವ ಓಟ. ಗೆದ್ದವರಾರು ಅನ್ನುವುದು ಬೇಡ. ಮೊದಲ ಕ್ವಾರ್ಟರ್ ನಡುವೆ ಕೋಚ್ ಮೊದಲು ಯಾರನ್ನು ಬೆಂಚಿನಿಂದ ಎಬ್ಬಿಸುತ್ತಾನೆ ಎಂಬುದನ್ನು ಮಾತ್ರ ಬರೆದುಕೊಳ್ಳುತ್ತೇನೆ.

ಕೊನೆಗೆ ಕೂಡುವ ಕೆಲಸ. ಮಂಡಿಯಲ್ಲಿ ಜಮಾ-ಖರ್ಚು ತಾಳೆಯಾಗದೆ ಬೀಗ ಹಾಕುವ ಹಾಗಿಲ್ಲ, ಇಲ್ಲೂ ಹಾಗೆಯೇ ಮಾಡುತ್ತೇನೆ. ಮೂವತ್ತು ತಂಡ, ತಲಾ 82 ಪಂದ್ಯ, ಪ್ರತಿ ಪಂದ್ಯಕ್ಕೆ ಎರಡು ತಂಡ, ಒಂದೇ ಗೆಲುವು: ಲೀಗಿನ ಒಟ್ಟು ಗೆಲುವು 1,230. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಮೊದಲ ಸಲ ಕೂಡಿದಾಗ ನನ್ನದು ಯಾವಾಗಲೂ ಇದನ್ನು ದಾಟಿರುತ್ತದೆ. ಯಾಕೆಂದರೆ ಬೇಸಿಗೆಯಲ್ಲಿ ಎಲ್ಲ ತಂಡದಿಂದಲೂ ಒಳ್ಳೆಯ ಸುದ್ದಿಯೇ ಬರುತ್ತದೆ. ಇವನು ತೂಕ ಇಳಿಸಿದ, ಅವನು ಶೂಟಿಂಗ್ ತಿದ್ದಿಕೊಂಡ. ಮಿಕ್ಕಿದ್ದನ್ನು ಎಲ್ಲಿಂದ ಕಡಿಯಬೇಕು ಎನ್ನುವಾಗ ನಿಜವಾದ ತೀರ್ಮಾನ ಮಾಡಬೇಕಾಗುತ್ತದೆ. ಎಲ್ಲರಿಂದ ಸಮನಾಗಿ ಎರಡೆರಡು ಕಡಿದರೆ ಅದು ಸೋಮಾರಿತನ. ನಾನು ಮೊದಲು ತಳದ ತಂಡಗಳ ಕಡೆ ಹೋಗುತ್ತೇನೆ. ಡ್ರಾಫ್ಟ್‌ನ ಮೇಲಿನ ಸರದಿ ಯಾರಿಗೆ ಅಂತ ಚೀಟಿ ಎತ್ತುವ ಲಾಟರಿಗಾಗಿ ಫೆಬ್ರವರಿ ನಂತರ ಮುಖ್ಯ ಆಟಗಾರರನ್ನು ಕೂರಿಸುವವರು ಅವರೇ. 2019ರಲ್ಲಿ ಕೊನೆಯ ಮೂರು ತಂಡಕ್ಕೂ ಮೊದಲ ಸರದಿಯ ಸಾಧ್ಯತೆ ತಲಾ 14 ಶೇಕಡಾ ಅಂತ ಸಮ ಮಾಡಿದ್ದರು. 2025ರಲ್ಲಿ ಬರೀ 1.8 ಶೇಕಡಾ ಸಾಧ್ಯತೆ ಇದ್ದ ಡಲ್ಲಾಸ್ ಲಾಟರಿ ಹೊಡೆದು ಕೂಪರ್ ಫ್ಲ್ಯಾಗ್‌ನನ್ನು ಪಡೆಯಿತು, 17 ಮಾತ್ರ ಗೆದ್ದು ಎಲ್ಲರಿಗಿಂತ ಕೆಳಗಿದ್ದ ಯೂಟಾ ಐದನೇ ಸರದಿಗೆ ಇಳಿಯಿತು. ಆದರೂ ಸೋಲುವವರು ಸೋಲುವುದನ್ನು ಬಿಡುವುದಿಲ್ಲ. ಹಾಗಾಗಿ ತಳದವರಿಗೆ ಇಪ್ಪತ್ತೆಂಟು, ಮೂವತ್ತು ಅಂತ ಧಾರಾಳವಾಗಿ ಬರೆದದ್ದನ್ನು ಇಪ್ಪತ್ತಕ್ಕೆ ಇಳಿಸಿದರೆ ಬಹುಪಾಲು ತಾಳೆಯಾಗುತ್ತದೆ.

ಹಾಳೆ ಪ್ರಿಂಟಾದ ಮೇಲೆ ಹುಡುಗರು ಜಗಳ ತೆಗೆಯುತ್ತಾರೆ. "ಅಣ್ಣ, ಇದು ಮೋಸ, ಲೇಕರ್ಸ್‌ಗೆ ಇನ್ನೂ ಐದು ಹಾಕಿ." "ಹಾಕ್ತೀನಿ ಮಾರಾಯ, ಆ ಐದನ್ನ ಯಾರ ಕೈಯಿಂದ ಕಿತ್ಕೊಳ್ಳೋದು ಅಂತ ನೀನೇ ಹೇಳು" ಅಂದರೆ ಅವನು ಸ್ವಲ್ಪ ಹೊತ್ತು ಪಟ್ಟಿ ನೋಡಿ, ಸ್ಯಾನ್ ಆಂಟೋನಿಯೋದಿಂದ ಅಂತಾನೆ. ಪಕ್ಕದಲ್ಲಿ ಆ ತಂಡದ ತಾರೆ ವೆಂಬನ್ಯಾಮಾನ ಅಭಿಮಾನಿ ಒಬ್ಬ ನಿಂತಿರುತ್ತಾನೆ. ಅಲ್ಲಿಂದ ಮುಂದೆ ನಾನು ತಲೆ ಹಾಕುವುದಿಲ್ಲ.

ಡಿಸೆಂಬರ್‌ವರೆಗೆ ಹಾಳೆ ಮುಟ್ಟುವುದಿಲ್ಲ. ಮೊದಲ ಇಪ್ಪತ್ತು ಪಂದ್ಯದ ಫಲಿತಾಂಶ ಕಣ್ಣು ಕುಕ್ಕಿದರೂ ಅದರಲ್ಲಿ ಎದುರಾಳಿಯ ತ್ರೀ ಪಾಯಿಂಟರ್ ಬಿತ್ತೋ ಇಲ್ಲವೋ ಎಂಬ ಅದೃಷ್ಟ ತುಂಬಾ ಬೆರೆತಿರುತ್ತದೆ. ಹೊರಗಿನಿಂದ ಎಷ್ಟು ಹೊಡೆಯಲು ಬಿಟ್ಟರು ಎನ್ನುವುದು ರಕ್ಷಣೆಯ ಕೈಯಲ್ಲಿದೆ, ಹೊಡೆದದ್ದರಲ್ಲಿ ಎಷ್ಟು ಒಳಗೆ ಬಿತ್ತು ಎನ್ನುವುದು ಅಷ್ಟಾಗಿ ಇಲ್ಲ. ಆ ಎರಡನ್ನು ಬೇರೆ ಬೇರೆ ಬರೆದುಕೊಂಡು, ಗಾಯಾಳುಗಳ ನಿಮಿಷ ತಿದ್ದಿ, ಫೆಬ್ರವರಿಯ ಟ್ರೇಡ್ ಗಡುವು ಮುಗಿದ ಮೇಲೆ ಒಮ್ಮೆ ಎಲ್ಲ ಮೂವತ್ತು ಸಾಲನ್ನೂ ಮತ್ತೆ 1,230ಕ್ಕೆ ಕೂಡಿಸುತ್ತೇನೆ.